ಒಂಟಿಗಾಲಿಯೋ, ಜೋಡಿಗಾಲಿಯೋ?



ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿ ಕುಬಿಹಾಳ ಎಂಬ ಊರಿದೆ. ಸುತ್ತಲಿನದು ಎರೆಭೂಮಿ; ಹತ್ತಿ, ಮೆಣಸಿನಕಾಯಿ, ಹೆಸರು, ಕಡಲೆ, ಹಿಂಗಾರಿ ಜೋಳಗಳ ಸೀಮೆ. ಇಲ್ಲಿನ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದು. 2014ರಲ್ಲಿ ರಾಜ್ಯ ಸರ್ಕಾರ ಕೃಷಿಭಾಗ್ಯ ಯೋಜನೆ ತಂದ ಮೇಲೆ ಇಂಥ ಸೀಮೆಗಳ ಹೊಲಗಳಲ್ಲಿ ಕೃಷಿಹೊಂಡಗಳು ಕಾಣಿಸಿಕೊಂಡವು. ಹೊಂಡ ತೋಡಲು ದೊಡ್ಡ ಯಂತ್ರ ಬೇಕು. ಅದು ಯಾವ ಕಂಪನಿಯದೇ ಆಗಿರಲಿ, ನಮ್ಮ ಜನ ಅದನ್ನು ‘ಹಿಟಾಚಿ’ ಎಂದೇ ಕರೆಯುತ್ತಾರೆ. ಆ ಹೆಸರಿನ ಯಂತ್ರಗಳು ಧಾರವಾಡದ ಕಾರ್ಖಾನೆಯಲ್ಲೇ ತಯಾರಾಗುತ್ತವೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು.

ಮಧ್ಯಮ ಗಾತ್ರದ ಒಂದು ಹಿಟಾಚಿಯ ತೂಕ ಸುಮಾರು 20 ಟನ್. ಕಬ್ಬಿಣದ ಪಟ್ಟೆಯ ಮೇಲೆ ತೆವಳುವ ಈ ಯಂತ್ರದ ವೇಗ ಗಂಟೆಗೆ ಕೆಲವೇ ಕಿಲೋಮೀಟರ್. ಡಾಂಬರಿನ ಮೇಲೆ ನಡೆಸಿದರೆ ಪಟ್ಟೆಯ ಹಲ್ಲುಗಳು ರಸ್ತೆಯನ್ನು ಕೀಳುತ್ತವೆ. ಆದ್ದರಿಂದ ಅದನ್ನು ಟ್ರೇಲರಿನ ಮೇಲೆ ಹೇರಿ ತರುತ್ತಾರೆ. ಆ ಟ್ರೇಲರಿನ ಅಚ್ಚಿನ, ಅಂದರೆ ಚಾಲಕರ ಮಾತಿನ ‘ಎಕ್ಸೆಲ್’ನ, ತುದಿಗೆ ಒಂದೊಂದು ಗಾಲಿ ಇರಬೇಕೋ ಎರಡೆರಡು ಇರಬೇಕೋ ಎಂಬುದೇ ನಮ್ಮ ಇಂದಿನ ವಿಷಯ. ಒಂದಿದ್ದರೆ ಒಂಟಿಗಾಲಿ ಅಚ್ಚು, ಎರಡಿದ್ದರೆ ಜೋಡಿಗಾಲಿ ಅಚ್ಚು ಎಂದು ಕರೆಯೋಣ. ಇದು ಟ್ರೇಲರ್ ಕೊಳ್ಳುವವನ ತಲೆನೋವು, ನಮಗೇಕೆ ಎನ್ನಬೇಡಿ. ನೀವು ಶಾಲೆಗೆ ಹೋಗುವ ರಸ್ತೆಯ ಆಯುಷ್ಯ ಈ ಆಯ್ಕೆಯನ್ನು ಅವಲಂಬಿಸಿದೆ. ಪರದೆಯ ಮೇಲೆ ಅಂಕಿಗಳು ಬಂದು ಹೋಗಿಬಿಡುತ್ತವೆ; ಆದ್ದರಿಂದ ಲೆಕ್ಕವನ್ನು ಇಲ್ಲಿ ನಿಧಾನವಾಗಿ ಬಿಡಿಸಿ ಬರೆದಿದ್ದೇನೆ. ಪೆನ್ಸಿಲ್ಲು ಹಿಡಿದು ಕುಳಿತುಕೊಳ್ಳಿ.

ಹೇರಿನ ಸ್ವಲ್ಪ ಭಾಗವನ್ನು ಮುಂದಿನ ಲಾರಿ ಹೊರುತ್ತದೆ. ಟ್ರೇಲರಿನ ಸ್ವಂತ ತೂಕವೂ ಸೇರಿ ಹಿಂದಿನ ಎರಡು ಅಚ್ಚುಗಳ ಮೇಲೆ 20 ಟನ್ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಅಂದರೆ ಒಂದು ಅಚ್ಚಿಗೆ 10 ಟನ್, ಅಚ್ಚಿನ ಒಂದೊಂದು ತುದಿಗೆ 5 ಟನ್. ಒಂಟಿಗಾಲಿಯಾದರೆ ಆ 5 ಟನ್ನೂ ಒಂದೇ ಟೈರಿನ ಮೇಲೆ. ಜೋಡಿಗಾಲಿಯಾದರೆ ಒಂದೊಂದು ಟೈರಿಗೆ ಎರಡೂವರೆ ಟನ್.

ಈಗ ಒಂದು ಪ್ರಶ್ನೆ. ಗಾಲಿ ಎರಡಾದರೆ ನೆಲದ ಮೇಲಿನ ಒತ್ತಡ ಅರ್ಧವಾಗುತ್ತದೆಯೇ? ತರಗತಿಯಲ್ಲಿ ಕೇಳಿದರೆ ಬಹಳಷ್ಟು ಕೈಗಳು ‘ಹೌದು’ ಎಂದು ಮೇಲೇಳುತ್ತವೆ. ಒತ್ತಡವೆಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ವಿಸ್ತೀರ್ಣ ಇಮ್ಮಡಿಯಾದರೆ ಒತ್ತಡ ಅರ್ಧ. ಸೂತ್ರ ಸರಿಯಾಗಿಯೇ ಇದೆ. ಆದರೆ ಟೈರು ಕಬ್ಬಿಣದ ಗುಂಡಲ್ಲ, ಅದು ಗಾಳಿ ತುಂಬಿದ ಚೀಲ. ಭಾರ ಹೆಚ್ಚಿದಂತೆ ಅದು ಚಪ್ಪಟೆಯಾಗಿ ತನ್ನ ಪಾದವನ್ನು ತಾನೇ ಅಗಲಿಸಿಕೊಳ್ಳುತ್ತದೆ. ಒಳಗಿನ ಗಾಳಿಯ ಒತ್ತಡವೂ ನೆಲಕ್ಕೆ ತಗಲುವ ಒತ್ತಡವೂ ಹೆಚ್ಚುಕಡಿಮೆ ಸಮನಾಗುವವರೆಗೆ ಹೀಗೆ ಅಗಲಿಸುತ್ತದೆ. ಟೈರಿನಲ್ಲಿ ಚದರ ಸೆಂಟಿಮೀಟರಿಗೆ 8 ಕಿಲೋ, ಅಂದರೆ ಹವಾ ಹಾಕುವವನ ಲೆಕ್ಕದಲ್ಲಿ ಸುಮಾರು 114 ಪೌಂಡ್, ಗಾಳಿ ಇದೆ ಎನ್ನಿ. ಒಂಟಿ ಟೈರಿನ ಪಾದ 5000 ಭಾಗ 8, ಅಂದರೆ 625 ಚದರ ಸೆಂಟಿಮೀಟರ್. ಜೋಡಿಯಲ್ಲಿ ಒಂದೊಂದರ ಪಾದ 312. ಎರಡೂ ಸೇರಿದರೆ ಮತ್ತೆ ಅದೇ 625! ಹವಾ ಅಷ್ಟೇ ಇಟ್ಟರೆ ರಸ್ತೆಯ ಮೈಗೆ ತಗಲುವ ಒತ್ತಡ ಎರಡರಲ್ಲೂ ಒಂದೇ.

ಇದನ್ನು ನೀವೇ ಪರೀಕ್ಷಿಸಬಹುದು. ಸೈಕಲ್ಲಿನ ಹಿಂದಿನ ಟೈರಿಗೆ ಶಾಯಿ ಬಳಿದು, ನೆಲದ ಮೇಲೆ ಗ್ರಾಫ್ ಹಾಳೆ ಇಟ್ಟು, ಗಾಲಿಯನ್ನು ಮೇಲಿನಿಂದ ನೇರವಾಗಿ ಅದರ ಮೇಲೆ ಇಳಿಸಿ. ಗೆಳೆಯನೊಬ್ಬ ಏರಿ ಕುಳಿತು ಇಳಿಯಲಿ. ಮೂಡಿದ ಗುರುತಿನ ಚದರಗಳನ್ನು ಎಣಿಸಿ. ಮಾಪಕವಿರುವ ಪಂಪಿನಿಂದ ಗಾಳಿಯ ಒತ್ತಡ ಅಳೆದು ವಿಸ್ತೀರ್ಣದಿಂದ ಗುಣಿಸಿದರೆ ಹಿಂದಿನ ಗಾಲಿ ಹೊತ್ತ ತೂಕ ಸುಮಾರಾಗಿ ಸಿಗುತ್ತದೆ. ಗಾಳಿಯನ್ನು ಅರ್ಧಕ್ಕೆ ಇಳಿಸಿ ಮತ್ತೆ ಮಾಡಿ; ಗುರುತು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಟೈರಿನ ಗೋಡೆಯ ಬಿಗುವಿನಿಂದ ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸ ಬರುವುದು ಸಹಜ.

ಹಾಗಾದರೆ ಜೋಡಿಗಾಲಿಯ ಲಾಭ ಎಲ್ಲಿ? ಅದು ಮೇಲ್ಮೈಯಲ್ಲಿಲ್ಲ, ನೆಲದೊಳಗಿದೆ. ಭಾರ ನೆಲಕ್ಕೆ ಇಳಿದಂತೆ ಸುತ್ತಲೂ ಹರಡಿಕೊಳ್ಳುತ್ತದೆ. ಈ ಹರಡುವಿಕೆಯನ್ನು ಫ್ರಾನ್ಸಿನ ಗಣಿತಜ್ಞ ಬೂಸಿನೆಸ್ಕ್ 1885ರಲ್ಲಿ ಸೂತ್ರಕ್ಕೆ ಇಳಿಸಿದ. ಆ ಸೂತ್ರದಿಂದ ನಮ್ಮ ಟ್ರೇಲರಿನ ಲೆಕ್ಕ ಹಾಕೋಣ. ಜೋಡಿ ಟೈರುಗಳ ನಡುಗೆರೆಗಳ ಅಂತರ 32 ಸೆಂಟಿಮೀಟರ್, ನೆಲ ಎಲ್ಲ ಕಡೆಗೂ ಒಂದೇ ಗುಣದ್ದು ಎಂದಿಟ್ಟುಕೊಂಡರೆ, 30 ಸೆಂಟಿಮೀಟರ್ ಆಳದಲ್ಲಿ ಒಂಟಿಗಾಲಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ, ಜೋಡಿಗಾಲಿಯದು ಸುಮಾರು 1.4. ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಇದು ಸಣ್ಣ ಲಾಭವಲ್ಲ.

ಇನ್ನೂ ಕೆಳಗೆ, 60 ಸೆಂಟಿಮೀಟರ್ ಆಳಕ್ಕೆ ಹೋಗೋಣ. ಒಂಟಿಗಾಲಿಯದು 0.62, ಜೋಡಿಗಾಲಿಯದು 0.56. ವ್ಯತ್ಯಾಸ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಅಷ್ಟು ಆಳದಲ್ಲಿ ಎರಡು ಟೈರುಗಳ ಭಾರ ಒಂದರೊಳಗೊಂದು ಬೆರೆತುಹೋಗಿದೆ. ಮೇಲೆ ಎಷ್ಟು ಗಾಲಿಗಳಿವೆ ಎಂಬುದು ಕೆಳಗಿನ ಮಣ್ಣಿಗೆ ಗೊತ್ತಾಗುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ಒಟ್ಟು ಭಾರ ಮಾತ್ರ. ಈ ಮಾತನ್ನು ನೆನಪಿನಲ್ಲಿಡಿ: ಮೇಲ್ಮೈ ಕೇಳುವುದು ಗಾಳಿಯನ್ನು, ನಡುಪದರ ಕೇಳುವುದು ಗಾಲಿಯನ್ನು, ಆಳ ಕೇಳುವುದು ಅಚ್ಚಿನ ಭಾರವನ್ನು.

ನಮ್ಮ ಡಾಂಬರು ರಸ್ತೆಯ ಜೀವ ಇರುವುದು ಆ ನಡುಪದರದಲ್ಲಿ. ಮೇಲೆ ತೆಳ್ಳನೆಯ ಡಾಂಬರು, ಕೆಳಗೆ ಜಲ್ಲಿ, ಅದರ ಕೆಳಗೆ ಮಣ್ಣು. ಭಾರದಿಂದ ಇವು ಹೇಗೆ ಸವೆಯುತ್ತವೆ ಎಂದು ತಿಳಿಯಲು ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಬಳಿ 1958ರಿಂದ 1960ರವರೆಗೆ ದೊಡ್ಡ ಪ್ರಯೋಗವೊಂದು ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಹಾಕಿ, ಅವುಗಳ ಮೇಲೆ ಬೇರೆ ಬೇರೆ ಹೇರಿನ ಲಾರಿಗಳನ್ನು ಮತ್ತೆ ಮತ್ತೆ ಓಡಿಸಿದರು. ಅದರಿಂದ ಹೊರಬಂದದ್ದು ‘ನಾಲ್ಕನೆಯ ಘಾತ’ದ ನಿಯಮ. ಅಚ್ಚಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ. ಎರಡರ ನಾಲ್ಕನೆಯ ಘಾತ, ಸುಮಾರು 16 ಪಟ್ಟು. ಅರ್ಧ ಟನ್ನಿನ ಕಾರಿನ ಅಚ್ಚಿಗೂ 10 ಟನ್ನಿನ ಟ್ರೇಲರಿನ ಅಚ್ಚಿಗೂ ಭಾರದಲ್ಲಿ 20 ಪಟ್ಟಿನ ಅಂತರ, ಹಾನಿಯಲ್ಲಿ? 20ರ ನಾಲ್ಕನೆಯ ಘಾತ 1,60,000. ರಸ್ತೆ ಕೆಡುವುದು ಕಾರುಗಳಿಂದಲ್ಲ ಎಂಬ ಮಾತಿನ ಹಿಂದೆ ಈ ಲೆಕ್ಕವಿದೆ.

ನಮ್ಮ ದೇಶದಲ್ಲಿ ರಸ್ತೆ ನಿರ್ಮಾಣದ ಸಂಹಿತೆಗಳನ್ನು ರೂಪಿಸುವುದು 1934ರಲ್ಲಿ ಹುಟ್ಟಿದ ಭಾರತೀಯ ರಸ್ತೆ ಕಾಂಗ್ರೆಸ್. ಅದರ 37ನೆಯ ಸಂಹಿತೆ ಡಾಂಬರು ರಸ್ತೆಗೆ ಸಂಬಂಧಿಸಿದ್ದು. ಅದರಲ್ಲಿ ನಮ್ಮ ಪ್ರಶ್ನೆಗೆ ಸೊಗಸಾದ ಉತ್ತರವಿದೆ. ಜೋಡಿಗಾಲಿಯ 80 ಕಿಲೋನ್ಯೂಟನ್, ಅಂದರೆ ಸುಮಾರು 8.2 ಟನ್ ಭಾರದ ಅಚ್ಚನ್ನು ಅದು ಒಂದು ಅಳತೆಗೋಲಾಗಿ ಇಟ್ಟುಕೊಳ್ಳುತ್ತದೆ. ಅಷ್ಟೇ ಹಾನಿ ಮಾಡಲು ಒಂಟಿಗಾಲಿಯ ಅಚ್ಚಿಗೆ 65 ಕಿಲೋನ್ಯೂಟನ್, ಅಂದರೆ ಸುಮಾರು 6.6 ಟನ್ ಸಾಕು. ಹತ್ತಿರ ಹತ್ತಿರ ಇಟ್ಟ ಜೋಡಿಗಾಲಿಯ ಎರಡು ಅಚ್ಚುಗಳಿಗಾದರೆ 148 ಕಿಲೋನ್ಯೂಟನ್, ಸುಮಾರು 15.1 ಟನ್ ಬೇಕು.

ಈಗ ನಾಲ್ಕನೆಯ ಘಾತದ ನಿಯಮ ಹಚ್ಚಿ ನಮ್ಮ ಟ್ರೇಲರನ್ನು ಕುಬಿಹಾಳದ ರಸ್ತೆಗೆ ತರೋಣ. ಒಂಟಿಗಾಲಿಯ 10 ಟನ್ನಿನ ಅಚ್ಚು ಒಂದು ಸಲ ದಾಟಿದರೆ, ಅಳತೆಗೋಲಿನ ಅಚ್ಚು 5 ಸಲ ದಾಟಿದಷ್ಟು ಹಾನಿ. ಅಂಥ ಎರಡು ಅಚ್ಚುಗಳಿಗೆ ಸುಮಾರು 10. ಅದೇ 20 ಟನ್ ಜೋಡಿಗಾಲಿಯ ಅಕ್ಕಪಕ್ಕದ ಎರಡು ಅಚ್ಚುಗಳ ಮೇಲಿದ್ದರೆ? 20 ಭಾಗ 15.1, ಅದರ ನಾಲ್ಕನೆಯ ಘಾತ ಸುಮಾರು 3. ಅದೇ ಯಂತ್ರ, ಅದೇ ದಾರಿ, ಆದರೆ ಹಾನಿ 10ರಿಂದ 3ಕ್ಕೆ ಇಳಿಯಿತು.

ಇಷ್ಟಕ್ಕೇ ಜೋಡಿಗಾಲಿಗೆ ಜಯಮಾಲೆ ಹಾಕಬೇಡಿ. ಒಂಟಿಗಾಲಿಯ ಅಚ್ಚನ್ನೇ ಇಟ್ಟುಕೊಂಡು, ಎರಡರ ಬದಲು ಮೂರು ಅಚ್ಚು ಹಾಕಿದರೆ ಏನಾಗುತ್ತದೆ? ಒಂದೊಂದರ ಭಾರ 6.7 ಟನ್. ಒಂದೊಂದರ ಹಾನಿ ಸುಮಾರು 1. ಮೂರಕ್ಕೆ ಸುಮಾರು 3. ಆರು ಗಾಲಿಯ ಟ್ರೇಲರು ಎಂಟು ಗಾಲಿಯದಕ್ಕೆ ಸರಿಸಮನಾಯಿತು! ಯುರೋಪಿನ ಟ್ರೇಲರುಗಳಲ್ಲಿ ಅಗಲವಾದ ಒಂಟಿ ಟೈರಿನ ಮೂರು ಅಚ್ಚುಗಳು ಸಾಮಾನ್ಯವಾಗಿರುವುದರ ಹಿಂದೆ ಇಂಥ ಲೆಕ್ಕವೂ ಇದೆ. ಗಾಲಿ ಎಷ್ಟು ಎಂಬುದಕ್ಕಿಂತ, ಒಂದು ಅಚ್ಚಿನ ಮೇಲೆ ಎಷ್ಟು ಹೇರುತ್ತೇವೆ ಎಂಬುದೇ ಮುಖ್ಯ.

ನಮ್ಮ ಕಾನೂನು ಕೂಡ ಅಚ್ಚನ್ನೇ ತೂಗುತ್ತದೆ. 2018ಕ್ಕೆ ಮುಂಚೆ ಎರಡು ಟೈರಿನ ಅಚ್ಚಿಗೆ 6 ಟನ್, ನಾಲ್ಕು ಟೈರಿನ ಅಚ್ಚಿಗೆ 10.2 ಟನ್, ಎಂಟು ಟೈರಿನ ಅಕ್ಕಪಕ್ಕದ ಎರಡು ಅಚ್ಚುಗಳಿಗೆ 19 ಟನ್ ಮಿತಿ ಇತ್ತು. ಟೈರು ಇಮ್ಮಡಿಯಾದರೂ ಮಿತಿ ಇಮ್ಮಡಿಯಾಗಲಿಲ್ಲ ಎಂಬುದನ್ನು ಗಮನಿಸಿ. ಜೋಡಿ ಟೈರುಗಳ ಭಾರ ನೆಲದೊಳಗೆ ಬೆರೆಯುತ್ತದೆ ಎಂದು ಈಗ ತಾನೇ ನೋಡಿದೆವಲ್ಲ, ಈ ಅಂಕಿಗಳು ಅದಕ್ಕೆ ಹೊಂದಿಕೊಂಡೇ ಇವೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಿತಿಗಳನ್ನು ಏರಿಸಿತು. ನಾಲ್ಕು ಟೈರಿನ ಅಚ್ಚಿಗೆ 11.5 ಟನ್, ಎಂಟು ಟೈರಿನ ಎರಡು ಅಚ್ಚುಗಳಿಗೆ 21 ಟನ್ ಆಯಿತು.

ಭಾರವನ್ನು ಹಂಚುವ ಈ ವಿದ್ಯೆಗೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಾರ್ಕಳದಲ್ಲಿ ಕಡೆದ 39 ಅಡಿ ಎತ್ತರದ ಬಾಹುಬಲಿಯ ಏಕಶಿಲಾ ಮೂರ್ತಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಿದರು. ಮೂರ್ತಿಯ ತೂಕ ಸುಮಾರು 170 ಟನ್. ಹೊತ್ತ ವಾಹನಕ್ಕೆ 64 ಗಾಲಿ. ಭಾಗಿಸಿ ನೋಡಿ: ಒಂದು ಗಾಲಿಯ ಪಾಲಿಗೆ ಬಂದ ಮೂರ್ತಿಯ ಭಾರ ಎರಡೂಮುಕ್ಕಾಲು ಟನ್ನಿನ ಒಳಗೆ. ನಮ್ಮ ಹಿಟಾಚಿಯ ಟ್ರೇಲರಿನ ಜೋಡಿ ಟೈರಿಗೆ ಎರಡೂವರೆ ಟನ್ ಬಂದಿತ್ತಲ್ಲವೇ? ಹೊತ್ತ ವಸ್ತುಗಳ ತೂಕದಲ್ಲಿ ಎಂಟು ಪಟ್ಟಿಗಿಂತ ಹೆಚ್ಚಿನ ಅಂತರ. ಗಾಲಿಯ ಪಾಲು ಮಾತ್ರ ಹತ್ತಿರ ಹತ್ತಿರ. ಭಾರ ಎಷ್ಟೇ ದೊಡ್ಡದಾಗಲಿ, ಅದನ್ನು ಒಂದು ಟೈರು ತಡೆಯುವ ತುತ್ತುಗಳಾಗಿ ಒಡೆಯಬೇಕು.

ಇನ್ನು ಜೋಡಿಗಾಲಿಯ ಕಷ್ಟಗಳನ್ನು ನೋಡೋಣ. ಮೊದಲನೆಯದು, ಒಳಗಿನ ಟೈರು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕ್ಯಾಮೆರಾ ಪಕ್ಕದಿಂದ ಹಿಡಿದ ಚಿತ್ರದಲ್ಲಿ ಹೊರಗಿನ ಟೈರಷ್ಟೇ ಇರುತ್ತದೆ. ಚಾಲಕನ ಕಣ್ಣಿನ ಕಥೆಯೂ ಅದೇ. ಒಳಗಿನದರ ಹವಾ ಇಳಿದರೆ ಅದರ ಭಾರವನ್ನೂ ಹೊರಗಿನದೇ ಹೊತ್ತು, ಕಾದು, ಒಡೆಯಬಹುದು. ಅದಕ್ಕೇ ಜಾಣ ಚಾಲಕ ಪ್ರತಿ ನಿಲುಗಡೆಯಲ್ಲೂ ರಾಡು ಹಿಡಿದು ಟೈರುಗಳನ್ನು ಬಡಿದು ಸದ್ದು ಕೇಳುತ್ತಾನೆ. ಹೊಸದೊಂದು, ಸವೆದದ್ದೊಂದು ಜೋಡಿ ಮಾಡಿದರೂ ಇದೇ ತೊಂದರೆ. ಎತ್ತರದ ಟೈರು ಹೆಚ್ಚು ಹೊರುತ್ತದೆ.

ಎರಡನೆಯದು, ಹಳ್ಳಿಯ ರಸ್ತೆ ನೀರು ಹರಿಯಲೆಂದು ನಡುವೆ ಉಬ್ಬಿರುತ್ತದೆ. ಇಕ್ಕಟ್ಟಿನ ದಾರಿಯಲ್ಲಿ ಟ್ರೇಲರು ನಡುವೆಯೇ ಸಾಗುವುದರಿಂದ ಎರಡೂ ಕಡೆಯ ಒಳಗಾಲಿಗಳಿಗೆ ಹೆಚ್ಚು ಭಾರ. ಮೂರನೆಯದು, ಒಂದೇ ಗುಂಭಕ್ಕೆ ಬಿಗಿದ ಎರಡು ಟೈರುಗಳು ಒಟ್ಟಿಗೇ ಸುತ್ತಬೇಕು. ತಿರುವಿನಲ್ಲಿ ಹೊರಗಿನದರ ದಾರಿ ಉದ್ದ, ಒಳಗಿನದರ ದಾರಿ ಗಿಡ್ಡ. ಆದ್ದರಿಂದ ಟೈರು ನೆಲವನ್ನು ಉಜ್ಜಿ ಸವೆಯುತ್ತದೆ. ನಾಲ್ಕನೆಯದು, ಅಗಲ. ವಾಹನದ ಅಗಲಕ್ಕೆ ಕಾನೂನಿನ ಮಿತಿ 2.6 ಮೀಟರ್. ಜೋಡಿಗಾಲಿ ಹೆಚ್ಚು ಜಾಗ ತಿಂದಾಗ ಹಲಗೆಯನ್ನು ಗಾಲಿಗಳ ಮೇಲಕ್ಕೆ ಎತ್ತಬೇಕಾಗುತ್ತದೆ, ಗುರುತ್ವಕೇಂದ್ರವೂ ಮೇಲೇರುತ್ತದೆ.

ಇವುಗಳ ಎದುರು ಒಂದು ದೊಡ್ಡ ಗುಣವನ್ನೂ ಹೇಳಬೇಕು. ಜೋಡಿಯಲ್ಲಿ ಒಂದು ಟೈರು ಒಡೆದರೂ ಟ್ರೇಲರು ಕೂಡಲೇ ಮಗುಚುವುದಿಲ್ಲ. ನಿಧಾನವಾಗಿ ಪಕ್ಕಕ್ಕೆ ತೆಗೆದು ನಿಲ್ಲಿಸಲು ಅವಕಾಶ ಸಿಗುತ್ತದೆ. ಎದುರಿಗೆ ಶಾಲೆ ಬಿಟ್ಟ ಮಕ್ಕಳು ನಡೆದು ಬರುತ್ತಿರುವಾಗ ಈ ಅವಕಾಶಕ್ಕೆ ಬೆಲೆ ಕಟ್ಟಲಾಗದು.

ಈಗ ಡಾಂಬರು ಬಿಟ್ಟು ಹೊಲಕ್ಕೆ ಇಳಿಯೋಣ. ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೆಚ್ಚು. ಅದರ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಅಂಟು. ಈ ಹಸಿ ಎರೆಯಲ್ಲಿ ಜೋಡಿಗಾಲಿಗಳ ಸಂದಿನಲ್ಲಿ ಮಣ್ಣು ಮೆತ್ತಿಕೊಂಡು ಎರಡು ಗಾಲಿ ಒಂದೇ ಮುದ್ದೆಯಾಗುತ್ತದೆ. ರಸ್ತೆಯಲ್ಲಿ ಗೆದ್ದ ಜೋಡಿ ಇಲ್ಲಿ ಸೋಲುತ್ತದೆ. ಒಂಟಿಗಾಲಿ ಗೆಲ್ಲುತ್ತದೆಯೇ? ಅದೂ ಇಲ್ಲ, 8 ಕಿಲೋ ಒತ್ತಡದ ಟೈರು ಹಸಿ ಎರೆಯಲ್ಲಿ ಅಚ್ಚಿನವರೆಗೆ ಹೂತುಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದ್ದು. ಮೇಲಿನ ಒಂದು ಗೇಣು ಮಣ್ಣು ಬಿಗಿದರೆ ನೇಗಿಲು ಅದನ್ನು ಬಿಡಿಸುತ್ತದೆ. ಎರಡು ಅಡಿ ಕೆಳಗಿನ ಮಣ್ಣು ಬಿಗಿದರೆ ನೇಗಿಲು ಅಲ್ಲಿಗೆ ಮುಟ್ಟದು. ಎರೆ ಬಿರಿಯುವಾಗ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ನಿಜ. ಆದರೂ ಬೇರು ಇಳಿಯಲು, ನೀರು ಇಂಗಲು ತಡೆಯಾಗಿ ಆ ಬಿಗಿಪದರ ವರ್ಷಗಟ್ಟಲೆ ಉಳಿಯಬಹುದು. ನೀರು ಹಿಡಿಯಲು ಹೊಂಡ ತೋಡಿಸಹೋಗಿ, ಪಕ್ಕದ ನೆಲ ನೀರು ಕುಡಿಯುವ ಶಕ್ತಿಯನ್ನು ಕಳೆದುಕೊಂಡರೆ ರೈತನಿಗೆ ಏನು ಬಂತು?

ಇಲ್ಲಿ ಉತ್ತರ ಟ್ರೇಲರಿನ ಗಾಲಿಯಲ್ಲಿಲ್ಲ, ಅದರ ಮೇಲೆ ಕುಳಿತ ಯಂತ್ರದಲ್ಲಿದೆ. ಹಿಟಾಚಿಯ ಒಂದು ಪಟ್ಟೆಯ ಅಗಲ 60 ಸೆಂಟಿಮೀಟರ್, ನೆಲ ಮುಟ್ಟುವ ಉದ್ದ ಮೂರೂವರೆ ಮೀಟರ್ ಎಂದುಕೊಳ್ಳಿ. ಎರಡು ಪಟ್ಟೆಗೆ 42,000 ಚದರ ಸೆಂಟಿಮೀಟರ್. 20,000 ಕಿಲೋವನ್ನು ಅದರಿಂದ ಭಾಗಿಸಿದರೆ ಅರ್ಧ ಕಿಲೋಗಿಂತಲೂ ಕಡಿಮೆ! ಟ್ರೇಲರಿನ ಗಾಲಿ ಎರಡು ಅಡಿ ಆಳದಲ್ಲಿ ಹಾಕುವ ಒತ್ತಡವೂ ಇದಕ್ಕಿಂತ ಹೆಚ್ಚಿತ್ತು. ಆದ್ದರಿಂದ ಟ್ರೇಲರು ಗಟ್ಟಿ ರಸ್ತೆಯಲ್ಲೇ ನಿಲ್ಲಲಿ. ಡಾಂಬರಿನ ಮೇಲೆ ಹಳೆಯ ಟೈರು, ಹಲಗೆ ಹಾಸಿ ಹಿಟಾಚಿಯನ್ನು ಇಳಿಸಿ, ಅದು ತನ್ನ ಪಟ್ಟೆಯ ಮೇಲೆಯೇ ಹೊಲಕ್ಕೆ ನಡೆಯಲಿ. ಅದೂ ಮಣ್ಣು ಆರಿದ ಬೇಸಿಗೆಯಲ್ಲಿ, ಒಂದೇ ಜಾಡಿನಲ್ಲಿ ಹೋಗಿ ಬರಲಿ. ಹೊಲವೆಲ್ಲ ತುಳಿಯುವುದಕ್ಕಿಂತ ಒಂದು ದಾರಿ ತುಳಿಯುವುದು ಮೇಲು.

ಹಾಗಾದರೆ ಆಯ್ಕೆ ಯಾವುದು? ಸಣ್ಣ ಯಂತ್ರ, ಟ್ರ್ಯಾಕ್ಟರಿನ ಹಿಂದಿನ ಟ್ರೇಲರು, ಅಚ್ಚಿಗೆ ಕೆಲವೇ ಟನ್ ಭಾರವಾದರೆ ಒಂಟಿಗಾಲಿ ಸಾಕು. ಅಗ್ಗ, ಹಗುರ, ಕೆಸರಿನಲ್ಲಿ ಸುಲಭ. ಇಪ್ಪತ್ತು ಟನ್ನಿನ ಯಂತ್ರವನ್ನು ಎರಡು ಅಚ್ಚಿನ ಮೇಲೆ ಡಾಂಬರಿನಲ್ಲಿ ಸಾಗಿಸುವುದಾದರೆ ಜೋಡಿಗಾಲಿಯೇ ಆಗಬೇಕು. ಒಂಟಿಗಾಲಿಯೇ ಬೇಕೆಂದರೆ ಅಗಲ ಟೈರಿನ ಮೂರನೆಯ ಅಚ್ಚು ಸೇರಿಸಬೇಕು. ಎರಡು ಅಚ್ಚು, ಒಂಟಿಗಾಲಿ, ಪೂರ್ತಿ ಹೇರು — ಈ ಮೂರೂ ಒಟ್ಟಿಗೆ ಕೂಡದು.

ಆದರೆ ಒಂದು ಮಾತು ಉಳಿಯುತ್ತದೆ. ಇನ್ನೂ ನಾಲ್ಕು ಟೈರುಗಳ ಖರ್ಚು ಟ್ರೇಲರಿನ ಮಾಲೀಕನದು. ಅವನ್ನು ಉಳಿಸಿದರೆ ಲಾಭವೂ ಅವನದೇ. ಒಡೆದ ರಸ್ತೆಯ ಖರ್ಚು ಮಾತ್ರ ಅವನ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. ಅದನ್ನು ಕೊಡುವವರು ಹಾಲಿನ ಕ್ಯಾನು ಹೊತ್ತ ಸೈಕಲ್ಲಿನವರು, ಹೆರಿಗೆಗೆ ಕುಂದಗೋಳಕ್ಕೆ ಹೊರಟ ತಾಯಿ, ಗುಂಡಿಯ ಕಾರಣ ಬಸ್ಸು ತಡವಾಗಿ ಮೊದಲ ಪಾಠ ತಪ್ಪಿಸಿಕೊಳ್ಳುವ ನೀವು. ವಿಜ್ಞಾನ ಹಾನಿ ಹತ್ತೋ ಮೂರೋ ಎಂದು ಹೇಳಬಲ್ಲದು. ಆ ಏಳರ ವ್ಯತ್ಯಾಸ ಯಾರ ತಲೆಯ ಮೇಲೆ ಬೀಳುತ್ತಿದೆ ಎಂದು ಕೇಳಬೇಕಾದವರು ಊರಿನ ಜನ.

ನಾಳೆ ನಿಮ್ಮ ಊರಿಗೆ ಇಂಥ ಟ್ರೇಲರೊಂದು ಬಂದಾಗ ಅಚ್ಚು ಎಷ್ಟು, ಅಚ್ಚಿಗೆ ಗಾಲಿ ಎಷ್ಟು ಎಣಿಸಿ. ಯಂತ್ರದ ತೂಕವನ್ನು ಚಾಲಕನನ್ನೇ ಕೇಳಿ, ಖುಷಿಯಿಂದ ಹೇಳುತ್ತಾನೆ. ಭಾಗಾಕಾರ ಮಾಡಿ, ನಾಲ್ಕನೆಯ ಘಾತಕ್ಕೆ ಏರಿಸಿ. ಬಂದ ಉತ್ತರವನ್ನು ನಿಮ್ಮ ಗ್ರಾಮಸಭೆಯಲ್ಲಿ ಓದಿ ಹೇಳಿ.